ಬನ್ನಿ ಎಂದಾಗ, ಬೇಡ ಎಂದಾಗ

ದೊಡ್ಡಪ್ಪ ವಾಷಿಂಗ್ಟನ್ ಪಕ್ಕದ ಹರ್ನ್‌ಡನ್‌ನವರು. ಹಾಸನದ ಕಡೆಯಿಂದ ಬಂದು ಮೂರೂವರೆ ದಶಕ ದಾಟಿದೆ, ಈಗ ನಿವೃತ್ತರು. ತಮ್ಮನ ಮಗಳು ಅಟ್ಲಾಂಟಾದಲ್ಲಿ ಕೆಲಸದಲ್ಲಿದ್ದಾಳೆ, ಇನ್ನೂ ಎಚ್-1ಬಿ ವೀಸಾದವಳು. ಇಬ್ಬರಿಗೂ ನಡುವೆ ಬೀಳುವ ಊರು ನಾರ್ತ್ ಕೆರೊಲಿನಾದ ಕ್ಯಾರಿ. ಅಲ್ಲಿ ನೆಂಟರ ಮನೆ, ಎತ್ತರದ ರಾಜಗೋಪುರದ ವೆಂಕಟೇಶ್ವರ ದೇವಸ್ಥಾನ. 2025ರ ಬೇಸಿಗೆಯ ಒಂದು ಭಾನುವಾರ ದರ್ಶನ ಮುಗಿದು, ಬಿಸಿಬೇಳೆಬಾತ್ ಮುಗಿದು, ಮನೆಮಂದಿಯೆಲ್ಲ ಒರಗಿದ ಹೊತ್ತಿನಲ್ಲಿ ಇವರಿಬ್ಬರು ಅಕ್ಟೋಬರ್ ಪ್ರವಾಸದ ಮಾತು ತೆಗೆದರು. ಕೊರೊನಾ ಕಳೆದ ಮೇಲೆ ಇಂಥ ಮಾತು ಅನೇಕ ಮನೆಗಳಲ್ಲಿ ನಡೆದಿದೆ. ಈ ಮನೆಯದು ಹೀಗೆ ನಡೆಯಿತು.

ದೊಡ್ಡಪ್ಪ: ಮೂರು ವ್ಯಾನ್ ಸಾಕು. ಅಕ್ಟೋಬರ್ ಎರಡನೇ ವಾರಾಂತ್ಯಕ್ಕೆ ಕೊಲಂಬಸ್ ಡೇ ರಜೆ ಸೇರಿ ಬರುತ್ತೆ. ಸ್ಮೋಕಿ ಬೆಟ್ಟ, ಆಶ್ವಿಲ್, ಬ್ಲೂ ರಿಡ್ಜ್ ಪಾರ್ಕ್‌ವೇ, ಎಲ್ಲಾ ಒಂದೇ ಸುತ್ತಲ್ಲಿ ಮುಗಿಸಿಬಿಡೋಣ. ಎಲೆ ಬಣ್ಣ ತಿರುಗೋದೂ ಆಗಲೇ. ಕ್ಯಾಬಿನ್ ಈಗಲೇ ಹಿಡೀಬೇಕು, ಆಮೇಲೆ ಸಿಗಲ್ಲ.

ಮಗಳು: ಯಾಕೆ ಸಿಗಲ್ಲ ಅಂತ ಯೋಚನೆ ಮಾಡಿದ್ದೀರಾ ದೊಡ್ಡಪ್ಪ? ಆ ವಾರಾಂತ್ಯಕ್ಕೆ ಎಲ್ಲರ ತಲೇಲೂ ಇದೇ ಪ್ಲಾನ್. 2021ರಲ್ಲಿ ಸ್ಮೋಕಿ ಪಾರ್ಕಿಗೆ 1 ಕೋಟಿ 41 ಲಕ್ಷ ಭೇಟಿ ಆಗಿದೆ. ಈ ದೇಶದ ಬೇರೆ ಯಾವ ರಾಷ್ಟ್ರೀಯ ಉದ್ಯಾನಕ್ಕೂ ಅಷ್ಟು ಜನ ಹೋಗಲ್ಲ. ನಾವು ಮೂರು ವ್ಯಾನ್ ಸೇರಿಸಲೇಬೇಕಾ?

ದೊಡ್ಡಪ್ಪ: ಅವರು ಯಾಕೆ ಹೋದ್ರು ಅನ್ನೋದನ್ನೂ ಹೇಳು ಮತ್ತೆ. ವರ್ಷಗಟ್ಟಲೆ ಮನೇಲಿ ಕೂತಿದ್ರು. ಸಿನಿಮಾ ಇಲ್ಲ, ದೇವಸ್ಥಾನ ಇಲ್ಲ, ನಮ್ಮ ಸಂಘದ ರಾಜ್ಯೋತ್ಸವವನ್ನೂ ಕಂಪ್ಯೂಟರ್ ಮುಂದೆ ಕೂತು ನೋಡಿದ್ವಿ. ಮಾಲ್ ಬಿಟ್ಟು ಬೇರೆ ಏನೂ ಕಾಣದ ಮಕ್ಕಳು ಮೊದಲ ಸಲ ಹೊಳೇಲಿ ಕಾಲಿಟ್ರು. ಕೊರೊನಾ ಮಾಡಿದ ಒಂದೇ ಒಂದು ಒಳ್ಳೇ ಕೆಲಸ ಅದು. ಅದನ್ನೂ ತಪ್ಪು ಅಂತೀಯಾ?

ಮಗಳು: ಹೊಳೇಲಿ ಕಾಲಿಟ್ಟಿದ್ದು ತಪ್ಪಲ್ಲ. ಎಲ್ಲರೂ ಒಂದೇ ಹೊಳೇಲಿ, ಒಂದೇ ಶನಿವಾರ ಕಾಲಿಟ್ಟಿದ್ದು ಕಷ್ಟ ಆಯ್ತು. ಲಾರೆಲ್ ಫಾಲ್ಸ್ ಹತ್ತಿರ ಪಾರ್ಕಿಂಗ್ ತುಂಬಿ, ರಸ್ತೆ ಅಂಚಲ್ಲಿ ಕಾರು ನಿಲ್ಲಿಸಿ, ಮಕ್ಕಳನ್ನ ಕಟ್ಟಿಕೊಂಡು ಆ ತಿರುವಿನ ರಸ್ತೇಲೇ ನಡೀತಿದ್ರು. ಗಾಡಿ ನಿಂತ ಕಡೆ ಹುಲ್ಲೂ ಉಳೀಲಿಲ್ಲ. ಅದಕ್ಕೇ 2023ರ ಮಾರ್ಚ್ 1ರಿಂದ ಕಾಲು ಗಂಟೆಗಿಂತ ಹೆಚ್ಚು ನಿಲ್ಲಿಸೋ ಗಾಡಿಗೆ ಟ್ಯಾಗ್ ಬೇಕು ಅಂತ ಮಾಡಿದ್ರು. ದಿನಕ್ಕೆ 5 ಡಾಲರ್, ವಾರಕ್ಕೆ 15, ವರ್ಷಕ್ಕೆ 40.

ದೊಡ್ಡಪ್ಪ: ಕೊಡೋಣಮ್ಮ. ಮೂರು ವ್ಯಾನಿಗೆ 15 ಡಾಲರ್, ಅದಕ್ಕೇನಂತೆ. ಬೇರೆ ಪಾರ್ಕುಗಳಲ್ಲಿ ಬಾಗಿಲಲ್ಲೇ 30, 35 ಕಿತ್ಕೋತಾರೆ.

ಮಗಳು: ಅಲ್ಲಿ ಬಾಗಿಲಲ್ಲಿ ಕಿತ್ಕೊಳ್ಳೋ ಹಾಗಿಲ್ಲ. ಟೆನೆಸೀ ರಾಜ್ಯ ತನ್ನ ರಸ್ತೇನ ಕೇಂದ್ರಕ್ಕೆ ಬಿಟ್ಟುಕೊಡುವಾಗ ಸುಂಕ ಹಾಕಬಾರದು ಅಂತ ಷರತ್ತು ಹಾಕಿತ್ತು. ಇಷ್ಟು ವರ್ಷ ದೇಶದ ಅತಿ ಹೆಚ್ಚು ಜನ ಬರೋ ಪಾರ್ಕು ಪ್ರವೇಶದ ದುಡ್ಡೇ ಇಲ್ಲದೆ ಶೌಚಾಲಯ ತೊಳೆಸಬೇಕಿತ್ತು. ದುಡ್ಡು ಕೊಡೋದು ಸುಲಭ ದೊಡ್ಡಪ್ಪ. ದಿನ ಬದಲಾಯಿಸೋದು ಕಷ್ಟ. ನಾನು ಕೇಳ್ತಿರೋದು ಎರಡನೇದು.

ದೊಡ್ಡಪ್ಪ: ನಿನಗೆ ರಜೆ ಮಂಗಳವಾರ ಸಿಗುತ್ತೆ. ಶಾಲೆಗೆ ಹೋಗೋ ಮಕ್ಕಳಿಗೆ? ಓಲ್ಡ್ ರ‍್ಯಾಗ್ ಬೆಟ್ಟದ ಕತೆ ಗೊತ್ತಲ್ಲ ನಿನಗೆ. ಶೆನಂಡೋವಾ ಪಾರ್ಕು ನಮ್ಮ ಮನೆಯಿಂದ ಒಂದೂವರೆ ಗಂಟೆ ದಾರಿ. ಬೆಳಗ್ಗೆ ಎದ್ದು ಮೋಡ ನೋಡಿ, ಸರಿ ಅನ್ನಿಸಿದ್ರೆ ಬುತ್ತಿ ಕಟ್ಕೊಂಡು ಹೊರಟುಬಿಡ್ತಿದ್ದೆ. 2022ರಿಂದ ಆ ಬೆಟ್ಟಕ್ಕೆ ಟಿಕೆಟ್. ದಿನಕ್ಕೆ 800 ಜನ, ಮಾರ್ಚಿಂದ ನವೆಂಬರ್‌ವರೆಗೆ. ಬಂಡೆ ಹತ್ತೋಕೆ ರಿಸರ್ವೇಶನ್ನು!

ಮಗಳು: ಬಂಡೆ ಹತ್ತೋ ಜಾಗದಲ್ಲಿ ಗಂಟೆಗಟ್ಟಲೆ ಕ್ಯೂ ನಿಲ್ತಿದ್ರಂತಲ್ಲ ಅದಕ್ಕೆ ಮುಂಚೆ. ನಮ್ಮ ಕುಮಾರ ಪರ್ವತದಲ್ಲೂ ಅದೇ ಆಯ್ತು. 2024ರ ಜನವರಿ, ಗಣರಾಜ್ಯೋತ್ಸವದ ರಜೆ. ಸಾವಿರಾರು ಜನ ಒಂದೇ ಕಾಲುದಾರಿಯಲ್ಲಿ ಸಾಲುಗಟ್ಟಿ ನಿಂತಿದ್ದ ವಿಡಿಯೋ ನೀವೇ ಗ್ರೂಪಿಗೆ ಹಾಕಿದ್ರಿ, ‘ಇದೇನು ಬೆಟ್ಟವೋ ಮೆಜೆಸ್ಟಿಕ್ಕೋ’ ಅಂತ. ಆಮೇಲೆ ಅರಣ್ಯ ಇಲಾಖೆಯವರು ಆನ್‌ಲೈನ್ ಬುಕಿಂಗ್ ಮಾಡದವರಿಗೆ ಹತ್ತೋಕೆ ಬಿಡಲ್ಲ ಅಂದ್ರು. ಅಲ್ಲಿ ಸರಿ ಅನ್ನಿಸಿದ್ದು ಇಲ್ಲಿ ಯಾಕೆ ತಪ್ಪು?

ದೊಡ್ಡಪ್ಪ: ಅಲ್ಲೂ ಪೂರ್ತಿ ಸರಿ ಅಂತ ನಾನು ಹೇಳಲಿಲ್ಲ. ಬುಕಿಂಗ್ ಬಂದ ಮೇಲೆ ಯಾರು ಹೋಗ್ತಾರೆ ನೋಡು. ನಿನ್ನಂಥವರು ಹೋಗ್ತಾರೆ. ಮೂವತ್ತು ದಿನ ಮುಂಚೆ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟು, ಬಾಗಿಲು ತೆಗೆದ ನಿಮಿಷಕ್ಕೆ ಬಟನ್ ಒತ್ತೋರು. ನಮ್ಮ ಮನೆ ಸೂರು ರಿಪೇರಿಗೆ ಬಂದಿದ್ನಲ್ಲ, ಎಲ್ ಸಾಲ್ವಡಾರ್ ಕಡೆಯವನು, ಅವನಿಗೆ ಭಾನುವಾರ ಕೆಲಸ ಇದೆಯೋ ಇಲ್ಲವೋ ಅಂತ ಶನಿವಾರ ರಾತ್ರಿ ಗೊತ್ತಾಗುತ್ತೆ. ಹೆಂಡತಿ ಮಕ್ಕಳನ್ನ ಕರ್ಕೊಂಡು ಬೆಟ್ಟಕ್ಕೆ ಹೋಗೋಣ ಅಂದ್ರೆ ಟಿಕೆಟ್ ಖಾಲಿ. ಜವಾಬ್ದಾರಿ ಪ್ರವಾಸ ಅಂತ ನೀವು ಹೆಸರಿಡ್ತೀರಿ. ಬೆಟ್ಟ ಉಳಿಯುತ್ತೆ, ಒಪ್ಪಿದೆ. ಯಾರಿಗೆ ಉಳಿಯುತ್ತೆ?

ಮಗಳು: ಅರ್ಧ ಟಿಕೆಟ್ ಐದು ದಿನ ಮುಂಚೆ ಬಿಡ್ತಾರೆ.

ದೊಡ್ಡಪ್ಪ: ಶನಿವಾರ ರಾತ್ರಿ ಗೊತ್ತಾಗೋನಿಗೆ ಐದು ದಿನವೂ ಒಂದೇ, ಐವತ್ತು ದಿನವೂ ಒಂದೇ.

(ಇದಕ್ಕೆ ಮಗಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಬೆಟ್ಟಕ್ಕೆ ಮಿತಿ ಹಾಕುವವರು ಈ ಸೂರಿನ ಕೆಲಸಗಾರನನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ನಾನಂತೂ ಕಂಡಿಲ್ಲ.)

ಮಗಳು: ಆ ಮಾತು ಒಪ್ಪಿದೆ. ಆದರೆ ನಿಮ್ಮ ಸಿಟ್ಟು ಅವನ ಪರವಾಗಿ ಮಾತ್ರ ಬಂದಿದ್ದಲ್ಲ. ಯಾರಾದರೂ ನಿಮಗೆ ‘ಈಗ ಬರಬೇಡಿ’ ಅಂದ್ರೆ ನಿಮಗಾಗಲ್ಲ. ಔಟರ್ ಬ್ಯಾಂಕ್ಸ್ ವಿಷಯಕ್ಕೂ ಹೀಗೇ ಕೂಗಾಡಿದ್ರಿ.

ದೊಡ್ಡಪ್ಪ: ಕೂಗಾಡದೆ? ನಾರ್ತ್ ಕೆರೊಲಿನಾ ಕರಾವಳಿಯ ಆ ದ್ವೀಪಗಳಿಗೆ ಸೇತುವೆ ದಾಟಿ ಹೋಗಬೇಕು. 2020ರ ಮಾರ್ಚ್ 17ರಿಂದ ಡೇರ್ ಕೌಂಟಿಯವರು ಸೇತುವೆ ಬಾಯಲ್ಲೇ ಪೊಲೀಸರನ್ನ ನಿಲ್ಲಿಸಿದ್ರು. ಪ್ರವಾಸಿಗಳನ್ನ ತಡೆದ್ರು, ಇರಲಿ. ಆಮೇಲೆ ಅಲ್ಲಿ ಸ್ವಂತ ಮನೆ ಇಟ್ಕೊಂಡು ತೆರಿಗೆ ಕಟ್ಟೋರನ್ನೂ ವಾಪಸ್ ಕಳಿಸಿದ್ರು, ನೀವು ಇಲ್ಲೇ ವಾಸ ಮಾಡೋರಲ್ಲ ಅಂತ. ಅವರು ಕೋರ್ಟಿಗೂ ಹೋದ್ರು.

ಮಗಳು: ಕೌಂಟಿಯವರ ಕಡೆಯಿಂದ ನೋಡಿ. ವರ್ಷಪೂರ್ತಿ ಇರೋ ಜನ ನಲವತ್ತು ಸಾವಿರಕ್ಕೂ ಕಮ್ಮಿ. ಬೇಸಿಗೆಯಲ್ಲಿ ಅದರ ಎಷ್ಟೋ ಪಟ್ಟು ಬಂದು ಸೇರ್ತಾರೆ. ಇರೋ ಒಂದು ಆಸ್ಪತ್ರೇಲಿ ಇಪ್ಪತ್ತು ಚಿಲ್ಲರೆ ಹಾಸಿಗೆ. ನ್ಯೂಯಾರ್ಕು, ವಾಷಿಂಗ್ಟನ್ ಕಡೆಯಿಂದ ‘ಕಡಲ ದಂಡೇಲಿ ಕೂತು ಕೊರೊನಾ ಕಳೀತೀವಿ’ ಅಂತ ಹೊರಟೋರಲ್ಲಿ ನೂರು ಜನ ಮಲಗಿದ್ರೂ ಸಾಕಿತ್ತು. ಅವರದ್ದು ಪ್ರವಾಸಿಗಳ ದುಡ್ಡಲ್ಲೇ ಬದುಕೋ ಊರು. ಆ ದುಡ್ಡನ್ನ ಬೇಡ ಅಂದು ಬಾಗಿಲು ಹಾಕಿಕೊಂಡ್ರು.

ದೊಡ್ಡಪ್ಪ: ಎರಡೇ ತಿಂಗಳು. ಮೇ 16ಕ್ಕೆ ಬಾಗಿಲು ತೆಗೆದ್ರು. ಬೇಸಿಗೆ ವ್ಯಾಪಾರ ಶುರುವಾಗೋ ಹೊತ್ತಿಗೆ ಸರಿಯಾಗಿ ರೋಗದ ಭಯ ಹೋಯ್ತು ನೋಡು!

ಮಗಳು: ಮೂಲನಿವಾಸಿ ಚೆರೊಕೀ ಜನ? ಸ್ಮೋಕಿ ಬೆಟ್ಟದ ದಕ್ಷಿಣದ ಬಾಗಿಲಲ್ಲೇ ಅವರ ಕ್ವಾಲಾ ಬೌಂಡರಿ. ಮುಖ್ಯ ಆದಾಯ ಬರೋದೇ ಕ್ಯಾಸಿನೋದಿಂದ. 2020ರ ಮಾರ್ಚಲ್ಲಿ ಕ್ಯಾಸಿನೋನೂ ಮುಚ್ಚಿದ್ರು, ಊರಿನ ದಾರೀನೂ ಹೊರಗಿನವರಿಗೆ ಮುಚ್ಚಿದ್ರು. ಹೊರಗಿನವರ ಜೊತೆ ಬಂದ ಸಿಡುಬಿಗೆ 1738ರಲ್ಲಿ ಅವರ ಜನ ಹೆಚ್ಚುಕಮ್ಮಿ ಅರ್ಧಕ್ಕರ್ಧ ಹೋದರು ಅಂತಾರೆ. ಅವರು ‘ಬರಬೇಡಿ’ ಅಂದ್ರೆ ಅದಕ್ಕೆ ಮುನ್ನೂರು ವರ್ಷದ ನೆನಪಿದೆ. ಅಕ್ಟೋಬರ್‌ನಲ್ಲಿ ನಮ್ಮ ಮೂರು ವ್ಯಾನ್ ಹೋಗೋದು ಅವರ ಊರಿನ ಮಧ್ಯದಲ್ಲೇ.

ದೊಡ್ಡಪ್ಪ: ಚೆರೊಕೀಗಳ ಮಾತು ಬೇರೆ. ಅವರಿಗೆ ಬಾಗಿಲು ಹಾಕೋ ಹಕ್ಕು ಇಲ್ಲ ಅಂತ ಯಾರು ಹೇಳಬೇಕು? ಆದರೆ ಬಾಗಿಲು ಹಾಕಿದವರೆಲ್ಲ ಪುಣ್ಯವಂತರು ಅನ್ನೋ ಲೆಕ್ಕ ನನಗೆ ಹಿಡಿಸಲ್ಲ. ತಲಪಾಡಿ ನೆನಪಿದೆಯಾ?

ಮಗಳು: ಕಾಸರಗೋಡು ಗಡಿ.

ದೊಡ್ಡಪ್ಪ: ಅದೇ. 2020ರ ಮಾರ್ಚ್ ಕೊನೆ. ಕಾಸರಗೋಡಲ್ಲಿ ಕೇಸು ಜಾಸ್ತಿ ಅಂತ ನಮ್ಮ ಕರ್ನಾಟಕ ಸರ್ಕಾರ ಗಡಿ ರಸ್ತೆಗಳಿಗೆ ಲಾರಿಗಟ್ಟಲೆ ಮಣ್ಣು ಸುರಿಸ್ತು. ಕಾಸರಗೋಡಿನವರಿಗೆ ಆಸ್ಪತ್ರೆ ಅಂದ್ರೆ ಮಂಗಳೂರು, ಮೊದಲಿಂದಲೂ. ಡಯಾಲಿಸಿಸ್‌ಗೆ ಹೋಗೋರು, ಹೃದಯದ ಕಾಯಿಲೆಯವರು, ಬಸುರಿಯರು ಎಲ್ಲರೂ ಆ ಮಣ್ಣಿನ ಗುಡ್ಡೆ ಮುಂದೆ ನಿಂತ್ರು. ಮಂಗಳೂರು ಮುಟ್ಟಲಾಗದೆ ಜನ ಸತ್ತರು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಅಲೆದು, ಏಪ್ರಿಲ್ ಮೊದಲ ವಾರ ಕಳೆಯೋ ಹೊತ್ತಿಗೆ ಆಂಬುಲೆನ್ಸ್ ಬಿಡೋಕೆ ಒಂದು ಏರ್ಪಾಡಾಯ್ತು. ಗಡಿ ಆಚೆ ಇದ್ದವರಲ್ಲೂ ಕನ್ನಡ ಮಾತಾಡೋರೇ ಎಷ್ಟೋ ಜನ ಕಣೇ. ಮಣ್ಣು ಸುರಿದವರೂ ನಿನ್ನ ಡೇರ್ ಕೌಂಟಿಯವರ ಮಾತನ್ನೇ ಹೇಳಿದ್ರು: ನಮ್ಮ ಜನ, ನಮ್ಮ ಆಸ್ಪತ್ರೆ, ನಮ್ಮ ಜವಾಬ್ದಾರಿ.

ಮಗಳು: ಅದು ಪ್ರವಾಸ ಅಲ್ಲವಲ್ಲ ದೊಡ್ಡಪ್ಪ. ಕಡಲ ದಂಡೆಗೆ ಹೋಗೋದೂ ಡಯಾಲಿಸಿಸ್‌ಗೆ ಹೋಗೋದೂ ಒಂದೇನಾ?

ದೊಡ್ಡಪ್ಪ: ಸೇತುವೆ ಮೇಲೆ ನಿಂತ ಪೊಲೀಸಿನವನಿಗೆ ಎರಡೂ ಒಂದೇ. ಅವನು ನೋಡೋದು ಗುರುತಿನ ಚೀಟಿ. ಯಾವುದು ಅವಶ್ಯ, ಯಾವುದು ಶೋಕಿ ಅಂತ ಯಾರು ತೀರ್ಮಾನ ಮಾಡ್ತಾರೆ? ನಿಮ್ಮ ಅಜ್ಜಿ ಹೋದಾಗ ನಾನು ಹೊರಡ್ತೀನಿ ಅಂದ್ರೆ ಅದು ಅವಶ್ಯವಾ, ಶೋಕಿನಾ? 2020ರ ಏಪ್ರಿಲ್. ಮಾರ್ಚ್ ಮಧ್ಯದಲ್ಲೇ ಭಾರತದವರು ಸಾಗರೋತ್ತರ ಭಾರತೀಯರ ಓಸಿಐ ಕಾರ್ಡಿನವರ ವೀಸಾ ಇಲ್ಲದ ಪ್ರವೇಶ ನಿಲ್ಲಿಸಿದ್ರು. ಮುಂದಿನ ವಾರ ವಿಮಾನಗಳೇ ನಿಂತವು. ‘ಆಜೀವ’ ಅಂತ ಅಚ್ಚು ಹಾಕಿದ ಕಾರ್ಡು ಕೈಲಿತ್ತು. ಹೆತ್ತಮ್ಮನಿಗೆ ನಾನು ಫೋನಲ್ಲಿ ನೀರು ಬಿಟ್ಟೆ.

(ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಗಳು ಎದ್ದು ಹೋಗಿ ಕಾಫಿ ಬೆರೆಸಿಕೊಂಡು ಬಂದಳು.)

ಮಗಳು: ನನ್ನದೂ ಗೊತ್ತಲ್ಲ ನಿಮಗೆ. 2021ರ ಏಪ್ರಿಲ್‌ನಲ್ಲಿ ಅಪ್ಪ ಬೆಂಗಳೂರಲ್ಲಿ ಆಕ್ಸಿಜನ್ ಮೇಲಿದ್ರು. ಮೇ 4ರಿಂದ ಅಮೆರಿಕ ಭಾರತದಿಂದ ಬರೋರಿಗೆ ಬಾಗಿಲು ಹಾಕ್ತು. ನಿಮಗೆ ಅಮೆರಿಕದ ನೀಲಿ ಪಾಸ್‌ಪೋರ್ಟ್ ಇತ್ತು, ಹೋದ್ರಿ, ಬಂದ್ರಿ. ನಾನು ಹೋಗಿದ್ರೆ ನವೆಂಬರ್ 8ರವರೆಗೂ ನೇರವಾಗಿ ವಾಪಸ್ ಬರೋ ಹಾಗಿರಲಿಲ್ಲ. ಅಷ್ಟರಲ್ಲಿ ಕೆಲಸ ಇರ್ತಿತ್ತಾ? ಅದಕ್ಕೇ ನಾನು ಹೇಳೋದು, ಓಡಾಟ ಅನ್ನೋದನ್ನ ಹಗುರವಾಗಿ ತಗೋಬಾರದು ಅಂತ. ಒಂದು ಪ್ರಯಾಣಕ್ಕೆ ಎಷ್ಟು ತೂಕ ಇದೆ ಅಂತ ಆಗ ನೋಡಿದ್ದೀವಿ.

ದೊಡ್ಡಪ್ಪ: ಅದೇ ನೋಡಿ ನಾನು ಕಲಿತದ್ದು ಉಲ್ಟಾ. ಬಾಗಿಲು ಯಾವಾಗ ಬೇಕಾದ್ರೂ ಮುಚ್ಚುತ್ತೆ, ತೆಗೆದಿರೋವಾಗ ಹೋಗಿಬಿಡಬೇಕು. ಅದಕ್ಕೇ ವರ್ಷಕ್ಕೆ ಎರಡು ಸಲ ಊರಿಗೆ ಹೋಗ್ತೀನಿ.

ಮಗಳು: ವಾಷಿಂಗ್ಟನ್ನಿಂದ ಬೆಂಗಳೂರಿಗೆ ಹೋಗಿ ಬಂದ್ರೆ 27 ಸಾವಿರ ಕಿಲೋಮೀಟರ್ ಮೇಲಾಯ್ತು. ಎಕಾನಮಿ ಸೀಟಿನ ಲೆಕ್ಕಕ್ಕೇ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್. ಭಾರತದಲ್ಲಿ ಒಬ್ಬ ಮನುಷ್ಯನ ಇಡೀ ವರ್ಷದ ಸರಾಸರಿ ಪಾಲೂ ಅಷ್ಟೇ. ನೀವು ಎರಡು ಸಲ ಹೋಗೋದ್ರ ಬದಲು ಒಂದೇ ಸಲ ಹೋಗಿ ಮೂರು ತಿಂಗಳು ಇರಬಾರದಾ? ನಿಮಗೇನು ಆಫೀಸಾ?

ದೊಡ್ಡಪ್ಪ: ಅಮೆರಿಕದಲ್ಲಿ ತಲೆಗೆ ಹದಿನಾಲ್ಕು ಟನ್ ಅಂತೆ, ಅದನ್ನೂ ನೀನೇ ಹೇಳಿದ್ದೆ. ಈ ಮನೇಲಿ ಈಗ ಎ.ಸಿ. ಎಷ್ಟು ಡಿಗ್ರಿಗಿದೆ ನೋಡು, ಶಾಲು ಹೊದ್ದು ಕೂತಿದ್ದೀವಿ. ಅಂಗಳದಲ್ಲಿ ಎಷ್ಟು ಕಾರಿದೆ ಎಣಿಸು. ಇಷ್ಟೆಲ್ಲ ಬಿಟ್ಟು ನನ್ನ ತವರಿನ ದಾರಿ ಮೇಲೇ ನಿನ್ನ ಕಣ್ಣು ಯಾಕೆ? ಅದಿರಲಿ, ಅಟ್ಲಾಂಟಾದಿಂದ ಇಲ್ಲಿಗೆ ನೀನು ಹೇಗೆ ಬಂದೆ?

ಮಗಳು: ...ವಿಮಾನದಲ್ಲಿ.

ದೊಡ್ಡಪ್ಪ: ಮುಕ್ಕಾಲು ದಿನದ ಡ್ರೈವ್ ಕೂಡ ಅಲ್ಲ!

ಮಗಳು: ರೈಲು ನೋಡಿದೆ. ಕ್ರೆಸೆಂಟ್ ಅಂತ ದಿನಕ್ಕೊಂದೇ ಗಾಡಿ. ಅಟ್ಲಾಂಟಾ ಬಿಡೋದೇ ರಾತ್ರಿ ಹನ್ನೊಂದರ ಮೇಲೆ. ಷಾರ್ಲಟ್‌ಗೆ ನಸುಕಿನಲ್ಲಿ ತಂದು ಇಳಿಸುತ್ತೆ, ಅಲ್ಲಿಂದ ಕ್ಯಾರಿಗೆ ಇನ್ನೊಂದು ಗಾಡಿ. ಒಬ್ಬಳೇ ಬರೋಕೆ ಮನಸ್ಸಾಗಲಿಲ್ಲ. ಆದರೆ ನೀವು? ವಾಷಿಂಗ್ಟನ್ನಿಂದ ಹಗಲು ಹೊತ್ತಲ್ಲಿ ಕೆರೊಲಿನಿಯನ್ ಗಾಡಿ ನೇರ ಕ್ಯಾರಿಗೇ ಬರುತ್ತೆ. ಐ-95ರ ಟ್ರಾಫಿಕ್‌ನಲ್ಲಿ ಬೈಕೊಂಡು ಒಬ್ಬರೇ ಕಾರಲ್ಲಿ ಬಂದ್ರಿ.

ದೊಡ್ಡಪ್ಪ: ದೊಡ್ಡಮ್ಮ ಕೊಟ್ಟು ಕಳಿಸಿದ ಉಪ್ಪಿನಕಾಯಿ ಭರಣಿ ರೈಲಲ್ಲಿ ಹೊತ್ತು ತರಲಾ?

(ಇಷ್ಟಕ್ಕೆ ಇಬ್ಬರೂ ಸಮವಾದರು. ಹೇಳುವುದು ಒಂದು, ಟಿಕೆಟ್ ತೆಗೆಯುವುದು ಇನ್ನೊಂದು ಎಂಬುದರಲ್ಲಿ ಅಮೆರಿಕದ ಕನ್ನಡಿಗರು ಯಾರಿಗೂ ಕಡಿಮೆಯಿಲ್ಲ.)

ಮಗಳು: ಎಲ್ಲರೂ ಹೀಗೇ ಅಂದ್ಕೊಂಡ್ರೆ ಏನೂ ಬದಲಾಗಲ್ಲ.

ದೊಡ್ಡಪ್ಪ: ಬದಲಾಗಲಿಲ್ಲವಲ್ಲ ಮತ್ತೆ! ನಿಮ್ಮೂರಿನ ವಿಮಾನ ನಿಲ್ದಾಣವನ್ನೇ ನೋಡು. 2019ರಲ್ಲಿ 11 ಕೋಟಿ ಪ್ರಯಾಣಿಕರು. 2020ರಲ್ಲಿ 4 ಕೋಟಿ 29 ಲಕ್ಷಕ್ಕೆ ಇಳೀತು. ಜಗತ್ತಿನ ಮೊದಲ ಸ್ಥಾನ ಚೀನಾದ ಗುವಾಂಗ್‌ಝೌ ಪಾಲಾಯ್ತು. ಆಗ ಪೇಪರಿನಲ್ಲಿ ಏನೇನು ಬರೆದ್ರು! ಮನುಷ್ಯ ಪಾಠ ಕಲಿತ, ಇನ್ನು ಮೊದಲಿನ ಹಾಗೆ ಓಡಾಡಲ್ಲ, ಆಕಾಶ ತಿಳಿಯಾಯ್ತು. ಮಾರನೇ ವರ್ಷವೇ ಏಳೂವರೆ ಕೋಟಿ, ಮೊದಲ ಸ್ಥಾನ ಮತ್ತೆ ಅಟ್ಲಾಂಟಾಗೆ. ಪಾಠ ಅಂತ ನೀವು ಹೇಳೋದು ಒಂದು ವರ್ಷ ಕೂಡ ಬಾಳಲಿಲ್ಲ.

ಮಗಳು: ಎಲ್ಲರಿಗೂ ಅಲ್ಲ. ಈಗಲೂ ವಯಸ್ಸಾದವರ ಮನೆಗೆ ಹೊರಡೋ ಮುಂಚೆ ನಾನು ಪರೀಕ್ಷೆ ಮಾಡ್ಕೋತೀನಿ. ಕೆಮ್ಮಿದ್ರೆ ಟಿಕೆಟ್ ಮುಂದೂಡ್ತೀನಿ. ಮೊನ್ನೆಯಿಂದ ನೀವು ಗಂಟಲು ಸರಿಮಾಡ್ಕೊಳ್ತಿರೋದು ಎಷ್ಟನೇ ಸಲ?

ದೊಡ್ಡಪ್ಪ: ಇದು ಪೋಲನ್ನು. ರೋಗ ನಿಯಂತ್ರಣದ ಸಿಡಿಸಿಯವರೇ 2024ರ ಮಾರ್ಚಲ್ಲಿ ಕೊರೊನಾ ಬಂದವರು ಐದು ದಿನ ಪ್ರತ್ಯೇಕ ಇರಬೇಕು ಅನ್ನೋ ನಿಯಮ ತೆಗೆದರು. ಜ್ವರ ಬಿಟ್ಟು ಒಂದು ದಿನ ಕಳೆದು, ಮೈ ಹಗುರಾಗ್ತಾ ಬಂದ್ರೆ ಓಡಾಡಬಹುದು. ಅವರ ಕಚೇರಿ ನಿಮ್ಮೂರಲ್ಲೇ ಇರೋದು, ಹೋಗಿ ಕೇಳು.

ಮಗಳು: ಆಮೇಲೂ ಐದು ದಿನ ಮಾಸ್ಕು, ದೂರ, ಗಾಳಿ ಅಂತ ಅದೇ ಕಾಗದದಲ್ಲಿ ಬರೆದಿದ್ದಾರೆ. ಅರ್ಧ ಓದಿ ಬಿಟ್ಟಿದ್ದೀರಿ.

ದೊಡ್ಡಪ್ಪ: ಪೂರ್ತಿ ಓದೋದು ನಿನ್ನ ಕೆಲಸ. ಈಗ ಹೇಳು, ಆಶ್ವಿಲ್‌ಗೆ ಹೋಗೋದು ಬೇಡವಾ? ನಿನ್ನ ಮಾತಿನ ಪ್ರಕಾರ ಊರಿನವರು ಬೇಡ ಅಂದಾಗ ಹೋಗಬಾರದು. ಸರಿ. ಅವರು ಬನ್ನಿ ಅಂತ ಕೂಗಿ ಕರೆದಾಗ?

ಮಗಳು: ಹೆಲೀನ್ ಚಂಡಮಾರುತದ ವಿಷಯಕ್ಕೆ ಬರ್ತಿದ್ದೀರಿ.

ದೊಡ್ಡಪ್ಪ: ಬರಲೇಬೇಕು. 2024ರ ಸೆಪ್ಟೆಂಬರ್ 27. ಕಡಲಿನಿಂದ ನೂರಾರು ಮೈಲಿ ದೂರದ ಬೆಟ್ಟದ ಊರಿಗೆ ಚಂಡಮಾರುತ ಬಂದು ಹೊಡೀತು. ಫ್ರೆಂಚ್ ಬ್ರಾಡ್ ನದಿ ಉಕ್ಕಿ ಕಲಾವಿದರ ಕಾರ್ಯಾಗಾರಗಳಿದ್ದ ರಿವರ್ ಆರ್ಟ್ಸ್ ಡಿಸ್ಟ್ರಿಕ್ಟ್ ಮುಳುಗ್ತು. ಚಿಮ್ನಿ ರಾಕ್ ಹಳ್ಳಿಯ ಅಂಗಡಿಗಳನ್ನ ಹೊಳೆ ಕೊಚ್ಚಿಕೊಂಡು ಹೋಯ್ತು. ಐ-40 ಹೆದ್ದಾರಿಯ ಒಂದು ಮಗ್ಗುಲೇ ಪಿಜನ್ ನದಿಗೆ ಕುಸೀತು. ನಾರ್ತ್ ಕೆರೊಲಿನಾ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಆ ಅಕ್ಟೋಬರ್‌ಗೂ ನಮ್ಮ ಕ್ಯಾಬಿನ್ ಬುಕ್ ಆಗಿತ್ತು. ಬರಬೇಡಿ ಅಂದ್ರು, ಬಿಟ್ವಿ. ಕೂಗಾಡಿದ್ನಾ ನಾನು?

ಮಗಳು: ಇಲ್ಲ. ಕ್ಯಾಬಿನ್ನಿನ ಮುಂಗಡವನ್ನೂ ವಾಪಸ್ ಕೇಳಲಿಲ್ಲ, ಅದು ನನಗೆ ಗೊತ್ತು.

ದೊಡ್ಡಪ್ಪ: ಆಶ್ವಿಲ್‌ನವರಿಗೆ ನಲ್ಲಿ ನೀರು ಕುಡಿಯೋ ಹಾಗಾದದ್ದು ನವೆಂಬರ್ 18ಕ್ಕೆ, 53 ದಿನ ಆದ ಮೇಲೆ. ಅಷ್ಟು ಹೊತ್ತಿಗೆ ಎಲೆ ಉದುರಿತ್ತು. ಆ ಊರಿನ ಹೋಟೆಲು, ಅಂಗಡಿಯವರಿಗೆ ಅಕ್ಟೋಬರ್ ಅಂದ್ರೆ ನಮ್ಮ ಮಲೆನಾಡಿನವರಿಗೆ ಅಡಿಕೆ ಕೊಯ್ಲಿದ್ದ ಹಾಗೆ. ಆ ಒಂದು ತಿಂಗಳ ಮೇಲೆ ಚಳಿಗಾಲ ನಿಂತಿರುತ್ತೆ. ಆಮೇಲೆ ಬನ್ನಿ ಬನ್ನಿ ಅಂತ ಕರೆದ್ರು, ಜನ ಬರಲಿಲ್ಲ. ಟಿ.ವಿ.ಯಲ್ಲಿ ನೋಡಿದ ಕೆಸರೇ ಎಲ್ಲರ ಕಣ್ಣಲ್ಲಿತ್ತು. ಈ ಏಪ್ರಿಲ್‌ನಲ್ಲಿ ನಾನೂ ನಿಮ್ಮ ದೊಡ್ಡಮ್ಮನೂ ಹೋಗಿದ್ವಿ. ಹೋಟೆಲಲ್ಲಿ ನಾವಿಬ್ಬರು, ಇನ್ನೊಂದು ಜೋಡಿ. ಮಡಕೆ ಸುಡೋ ಗೂಡು ಕಳಕೊಂಡ ಒಬ್ಬ ಕುಂಬಾರಗಿತ್ತಿ ಬೇರೆಯವರ ಜಗಲೀಲಿ ಬೋಗುಣಿ ಇಟ್ಕೊಂಡು ಕೂತಿದ್ಲು. ನಾಲ್ಕು ತಗೊಂಡ್ವಿ. ಮನೇಲಿ ಕೂತು ಕಾರ್ಬನ್ ಲೆಕ್ಕ ಹಾಕಿದ್ರೆ ಅವಳ ಗೂಡು ಮತ್ತೆ ಏಳುತ್ತಾ?

ಮಗಳು: ಏಳಲ್ಲ. ಅಲ್ಲಿ ನೀವು ಮಾಡಿದ್ದು ಸರಿ. ಆದರೆ ಅದೇ ದಿನಗಳಲ್ಲಿ ಚಿಮ್ನಿ ರಾಕ್ ಕಡೆ ಕಾರು ನಿಲ್ಲಿಸಿ ಮುರಿದ ಮನೆ ಮುಂದೆ ಫೋಟೋ ತೆಗೆಸ್ಕೊಂಡವರೂ ಇದ್ರು. 2018ರಲ್ಲಿ ಕೊಡಗಲ್ಲಿ ಗುಡ್ಡ ಕುಸಿದಾಗಲೂ ಹೀಗೇ ನೋಡೋಕೆ ಹೋದವರಿದ್ರಲ್ಲ. ಊರಿನವರು ಬನ್ನಿ ಅಂದದ್ದು ಊಟಕ್ಕೆ, ಅಂಗಡಿಗೆ. ಇವರು ಬಂದದ್ದು ಅವಶೇಷ ನೋಡೋಕೆ. ಹೋಗೋದು, ಬಿಡೋದು ಎರಡೇ ಅಲ್ಲ ದೊಡ್ಡಪ್ಪ, ಹೋಗಿ ಏನು ಮಾಡ್ತೀವಿ ಅನ್ನೋದೂ ಇದೆ. ಕರೋಲಾ ಕುದುರೆಗಳ ಕತೆ ಹೇಳಿದ್ನಾ ನಿಮಗೆ?

ದೊಡ್ಡಪ್ಪ: ಔಟರ್ ಬ್ಯಾಂಕ್ಸ್‌ನ ಕಾಡುಕುದುರೆ? ಮರಳಲ್ಲಿ ಓಡಾಡ್ತವೆ, ನೋಡಿದ್ದೀನಿ. ಪಾಪ, ಬಡಕಲು.

ಮಗಳು: ಅವು ಇರೋದೇ ಹಾಗೆ. ದಿಬ್ಬದ ಹುಲ್ಲು ಬಿಟ್ಟು ಬೇರೆ ಗೊತ್ತಿಲ್ಲ ಅವಕ್ಕೆ. 2020ರ ಜುಲೈ, ಆ ಸೇತುವೆ ದಾರಿ ಮತ್ತೆ ತೆರೆದು ಎರಡು ತಿಂಗಳಾಗಿತ್ತು, ಕಡಲ ದಂಡೆ ತುಂಬ ಜನ. ಯಾರೋ ಒಂದು ಮರಿಗೆ ಸೇಬು ಕೊಟ್ಟರು. ಡ್ಯಾನಿ ಅಂತ ಅದರ ಹೆಸರು. ಸೇಬು ಗಂಟಲಲ್ಲಿ ಸಿಕ್ಕಿಕೊಂಡು, ಒಳಗೆ ಸೋಂಕಾಗಿ ಸತ್ತೇ ಹೋಯ್ತು. ಐವತ್ತು ಅಡಿ ಹತ್ತಿರ ಹೋಗಬಾರದು ಅಂತ ಕಾನೂನಿದೆ. ಆದರೂ ಕೊಟ್ಟವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಕೊಟ್ಟಿರ್ತಾರೆ.

ದೊಡ್ಡಪ್ಪ: ನಿಮ್ಮ ದೊಡ್ಡಮ್ಮ ಕೇಳಿದ್ರೆ ಮೂರು ದಿನ ಊಟ ಬಿಡ್ತಾಳೆ. ನಂದಿಬೆಟ್ಟದ ಕೋತಿಗೆ ಬಾಳೆಹಣ್ಣು ಕೊಡದೆ ಇಳಿದವಳಲ್ಲ ಅವಳು.

ಮಗಳು: ಅದಕ್ಕೇ ಅವರ ಮುಂದೆ ಹೇಳಲಿಲ್ಲ.

ದೊಡ್ಡಪ್ಪ: ಸರಿ, ತೀರ್ಮಾನಕ್ಕೆ ಬಾ. ನಿನ್ನ ದಾರಿ ಹಿಡಿದು ನವೆಂಬರ್ ಮಂಗಳವಾರ ಹೋದ್ರೆ ಪಾರ್ಕಿಗೆ ಒಳ್ಳೇದು, ಒಪ್ಪಿದೆ. ಆದರೆ ಆ ಕುಂಬಾರಗಿತ್ತಿಗೆ ನಾವು ಬೇಕಾಗಿರೋದು ಅಕ್ಟೋಬರ್‌ನಲ್ಲಿ. ಹೋದ ವರ್ಷದ ಅಕ್ಟೋಬರ್ ಅವಳಿಗೆ ಬರಲೇ ಇಲ್ಲ.

ಮಗಳು: ಹಾಗಿದ್ರೆ ಅಕ್ಟೋಬರ್‌ನಲ್ಲಿ ಆಶ್ವಿಲ್‌ಗೆ ಹೋಗೋಣ, ಸ್ಮೋಕಿ ಬಿಡೋಣ. ಊರಲ್ಲೇ ಉಳಿಯೋದು. ಕ್ಯಾಬಿನ್ ಬೇಡ, ಅಲ್ಲಿಯವರು ನಡೆಸೋ ಹೋಟೆಲು. ಕ್ಯಾರಿಯಿಂದ ಕುಕ್ಕರು, ಸೋನಾ ಮಸೂರಿ ಮೂಟೆ ಕಟ್ಕೊಂಡು ಹೋಗೋದು ಬೇಡ. ಅಲ್ಲೇ ಊಟ ಮಾಡೋಣ.

ದೊಡ್ಡಪ್ಪ: ಮೂರು ಹೊತ್ತೂ? ಮೊಸರನ್ನ ಇಲ್ಲದೆ? ನಿನ್ನ ಜವಾಬ್ದಾರಿ ಪ್ರವಾಸದಲ್ಲಿ ನನ್ನ ಹೊಟ್ಟೆಗೂ ಒಂದು ಕಾಲಂ ಇದೆಯಾ? ಸ್ಮೋಕಿ ಬಿಡು ಅಂದ್ರೆ ಮಕ್ಕಳು ಬಿಡಲ್ಲ. ಅವರಿಗೆ ಎಲ್ಕ್ ಜಿಂಕೆ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ.

ಮಗಳು: ಐವತ್ತು ಗಜ ದೂರದಿಂದ.

ದೊಡ್ಡಪ್ಪ: ಐವತ್ತು ಗಜ ದೂರದಿಂದ. ಸೇಬು ಇಲ್ಲದೆ.

ಮಗಳು: ಮೂರು ವ್ಯಾನು?

ದೊಡ್ಡಪ್ಪ: ಎರಡು. ಒತ್ತಿಕೊಂಡು ಕೂರೋಣ. ಊರಿಗೆ ವರ್ಷಕ್ಕೆ ಎರಡು ಸಲ ಹೋಗೋದರ ಮಾತು ಮಾತ್ರ ಎತ್ತಬೇಡ. ಅದು ಈ ಲೆಕ್ಕಕ್ಕೆ ಬರಲ್ಲ.

ಮಗಳು: ಬರುತ್ತೆ. ಇವತ್ತಿಗೆ ಬಿಟ್ಟಿದ್ದೀನಿ ಅಷ್ಟೇ.

ಒರಗಿದ್ದವರು ಎದ್ದು ಬರುವ ಹೊತ್ತಿಗೆ ಆಶ್ವಿಲ್‌ನಲ್ಲಿ ಎರಡು ರಾತ್ರಿಗೆ ಕೋಣೆ ಹಿಡಿದಾಗಿತ್ತು. ಕುಕ್ಕರಿನ ವಿಷಯ ಹಾಗೇ ಉಳಿಯಿತು.

ನೀವೂ ಶರತ್ಕಾಲಕ್ಕೆ ಆ ಕಡೆ ಹೊರಡುವವರಾದರೆ ಒಂದು ಮಾತು. ಐ-40 2025ರ ಮಾರ್ಚ್ 1ರಂದು ಮತ್ತೆ ತೆರೆಯಿತು, ಆದರೆ ಆಗ ಪಿಜನ್ ಕಣಿವೆಯಲ್ಲಿ ಒಂದೊಂದು ದಿಕ್ಕಿಗೆ ಒಂದೇ ಸಾಲು ಇತ್ತು. 2025ರ ಬೇಸಿಗೆಯಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇಯ ಹಲವು ಭಾಗಗಳು ಇನ್ನೂ ಮುಚ್ಚಿದ್ದವು. ಯಾವ ಮೈಲಿಗಲ್ಲಿನಿಂದ ಯಾವ ಮೈಲಿಗಲ್ಲಿನವರೆಗೆ ತೆರೆದಿದೆ ಎಂದು ರಾಷ್ಟ್ರೀಯ ಉದ್ಯಾನ ಸೇವೆ ಪ್ರಕಟಿಸುತ್ತದೆ. ಅದನ್ನು ನೋಡಿಕೊಂಡು ಹೊರಡಿ. ಅಡ್ಡಗಟ್ಟೆ ಇದ್ದಲ್ಲಿ ಸರಿಸಿ ಒಳಗೆ ಹೋಗಬೇಡಿ, ಅಲ್ಲಿ ಕೆಲಸದವರಿರುತ್ತಾರೆ.